ಗಂಟೆಯಣ್ಣನ ಎರಡನೇ ಗಂಟಲು

ಟೈಲರಮ್ಮನ ಗಂಡನಿಗೆ ತರಕಾರಿ ಮಂಡಿಯಲ್ಲಿ ಗಂಟೆ ಅಂತಲೇ ಹೆಸರು. ಕಿರಿಯರು ಗಂಟೆಯಣ್ಣ ಅನ್ನುತ್ತಿದ್ದರು. ಹರಾಜು ಕೂಗುವುದು ಅವನ ಕೆಲಸ. ಲಾರಿಗಳಿಂದ ಟೊಮ್ಯಾಟೊ ಕ್ರೇಟು, ಈರುಳ್ಳಿ ಮೂಟೆ ಇಳಿಯುತ್ತಿದ್ದ ಹಾಗೆ ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಆಚೆ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ ವ್ಯಾಪಾರಿಗಳು ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಮಂಡಿಯವರು ಒಮ್ಮೆ ಮೈಕು ತಂದು ಕೊಟ್ಟಿದ್ದಕ್ಕೆ ಅವನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಮನೆಯಲ್ಲೂ ಅಷ್ಟೇ, ಗುಟ್ಟು ಅನ್ನುವುದೇ ಉಳಿಯುತ್ತಿರಲಿಲ್ಲ. ಗಂಡ ಹೆಂಡತಿ ಜಗಳವಾಡಿದರೆ ನಾಲ್ಕನೇ ಮನೆಯವರು ಯಾರದು ತಪ್ಪು ಅಂತ ತೀರ್ಪು ಕೊಡುತ್ತಿದ್ದರು.

ಹೆಂಡತಿಯನ್ನು ಅವನು ಬಾಬಿನ್ ಅಂತ ಕರೆಯುತ್ತಿದ್ದ, ಹೊಲಿಗೆ ಮೆಷಿನ್ನಿನೊಳಗೆ ದಾರ ಸುತ್ತಿಡುವ ಪುಟ್ಟ ಉರುಳೆಯ ಹೆಸರು. ಅವಳು ಗಿಡ್ಡ, ಗುಂಡಗೆ, ದಿನವಿಡೀ ಹೊಲಿಗೆ ಮೆಷಿನ್ನಿನ ಸುತ್ತಮುತ್ತಲೇ ತಿರುಗುತ್ತಿರುವವಳು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಆ ಹೆಸರಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಆಮೇಲೆ, ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕರೆದರೆ ತನ್ನನ್ನಲ್ಲ ಅನ್ನುವ ಹಾಗೆ ಸುಮ್ಮನಿರುವಷ್ಟು ಅಭ್ಯಾಸವಾಗಿ ಹೋಯಿತು.

ದನಿ ಒರಟಾಗತೊಡಗಿದಾಗ ಕೂಗಿ ಕೂಗಿ ಹೀಗಾಗಿದೆ ಅಂತ ಇಬ್ಬರೂ ಅಂದುಕೊಂಡರು. ಬಿಸಿನೀರು, ಉಪ್ಪು, ಜೇನು, ಯಾರು ಯಾರು ಏನೇನು ಹೇಳಿದರೋ ಅದೆಲ್ಲ ಆಯಿತು. ಕೊನೆಗೆ ಮಗಳು ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮಗಳು ಬಸ್ ಡಿಪೋದಲ್ಲಿ ಕೆಲಸಕ್ಕಿದ್ದವಳು, ಊರಿನ ಇನ್ನೊಂದು ತುದಿಯಲ್ಲಿ ಗಂಡನ ಮನೆ. ಡಾಕ್ಟರು ಸುತ್ತುಬಳಸಲಿಲ್ಲ. ಧ್ವನಿಪೆಟ್ಟಿಗೆಯಲ್ಲೇ ಗಡ್ಡೆ ಇದೆ, ಪೂರ್ತಿ ತೆಗೆಯಬೇಕು, ಪ್ರಾಣ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಅಂದರು. ಗಂಟೆಯಣ್ಣ ಏನೋ ಹೇಳಬೇಕು ಅನ್ನುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿ, ತೆಗೆದುಬಿಡಿ ಡಾಕ್ಟ್ರೇ, ಅಂದಳು. ಅವನು ತಿರುಗಿ ಅವಳನ್ನು ನೋಡಿದ. ಆ ನೋಟವನ್ನು ಅವಳು ಮರೆಯಲಿಲ್ಲ. ತಾನು ಹೇಳಿದ್ದು ತಪ್ಪು ಅಂತಲೂ ಯಾವತ್ತೂ ಅಂದುಕೊಳ್ಳಲಿಲ್ಲ.

ಆಸ್ಪತ್ರೆಗೆ ಸೇರಬೇಕಾದ ಬೆಳಗ್ಗೆ, ಮಗಳು ಹೇಳಿಕೊಟ್ಟ ಹಾಗೆ, ಟೈಲರಮ್ಮ ತನ್ನ ಫೋನು ಅವನ ಮುಂದೆ ಹಿಡಿದು ಏನಾದರೂ ಮಾತಾಡಿ ಅಂದಳು. ಅವನು ನಕ್ಕ. ದನಿ ಅಷ್ಟು ಹೊತ್ತಿಗೆ ಒಡೆದಿತ್ತು. ಒಡೆದರೇನು, ತುಂಬಿದ ದನಿ ಅದು.

"ಏನು ಮಾತಾಡೋದೇ ಬಾಬಿನ್, ತಿರುಗಿಸಿದ ಕೂಡ್ಲೆ ಬರೋಕೆ ಇದೇನು ನಲ್ಲೀನಾ?" ಅಂತ ಶುರುಮಾಡಿದವನು, ಅಲ್ಲೇ ಕುರ್ಚಿಯ ಮೇಲೆ ಕೂತು ಅವಳ ಹೊಲಿಗೆ ಮೆಷಿನ್ನನ್ನು ಹರಾಜು ಕೂಗಿದ, ಆಮೇಲೆ ಕತ್ತರಿಯನ್ನು ಕೂಗಿದ, ಕೊನೆಗೆ ಅವಳನ್ನೇ ಕೂಗಿದ. "ಹಳೇ ಮಾಲು, ಗಟ್ಟಿ ಮಾಲು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಒಂದು ಸಲ... ಎರಡು ಸಲ... ಇಲ್ಲ ಇಲ್ಲ, ಹೋಗ್ರಯ್ಯ, ಈ ಮಾಲು ಮಾರಾಟಕ್ಕಿಲ್ಲ." ಅಷ್ಟು ಹೇಳಿ ಕೆಮ್ಮು ಬಂತು. ಸಾಕು, ಆಟೋ ಬಂತು ನಡಿ, ಅಂದ. ರೆಕಾರ್ಡಿಂಗಿನಲ್ಲಿ ಇದ್ದಿದ್ದು ಅಷ್ಟೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಕುತ್ತಿಗೆಯ ಕೆಳಗೆ ಒಂದು ತೂತು, ಉಸಿರೆಲ್ಲ ಅದರಲ್ಲೇ. ಅದರ ಮೇಲೆ ಟೈಲರಮ್ಮ ತೆಳ್ಳನೆಯ ಬಟ್ಟೆಯಲ್ಲಿ ಸಣ್ಣ ಸಣ್ಣ ಪರದೆ ಹೊಲಿದುಕೊಟ್ಟಳು, ಅಂಗಿಯ ಬಣ್ಣಕ್ಕೆ ಹೊಂದುವ ಹಾಗೆ. ಮಂಡಿಯವರು ಮೊದಮೊದಲು ಬಂದು ನೋಡಿಕೊಂಡು ಹೋದರು. ಮಾತಾಡದವನ ಮುಂದೆ ಎಷ್ಟು ಹೊತ್ತು ಅಂತ ಮಾತಾಡುವುದು? ಬರುಬರುತ್ತಾ ಅವರು ಬರುವುದೂ ನಿಂತಿತು. ಅವನಿಗೆ ಓದು ಬರಹ ಬರುತ್ತಿತ್ತು, ಆದರೆ ಬರೆದು ಮಾತಾಡುವುದು ಬಾವಿಯ ನೀರನ್ನು ಚಮಚದಲ್ಲಿ ಸೇದಿದ ಹಾಗೆ ಅನ್ನಿಸಿ ಸ್ಲೇಟು ಮೂಲೆಗೆ ಬಿತ್ತು. ಬೇಕು, ಬೇಡ, ನೀರು, ನಿದ್ದೆ, ಇಷ್ಟಕ್ಕೆ ಕೈ ಸನ್ನೆ. ಉಳಿದಿದ್ದಕ್ಕೆ ಏನೂ ಇಲ್ಲ.

ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಸಣ್ಣ ಟಾರ್ಚಿನ ಹಾಗಿತ್ತು. ಗದ್ದದ ಕೆಳಗೆ ಒತ್ತಿಹಿಡಿದು ಗುಂಡಿ ಅದುಮಿದರೆ ಗುಂಯ್ ಅನ್ನುತ್ತಿತ್ತು, ಬಾಯಿ ಆಡಿಸಿದರೆ ಆ ಗುಂಯ್ ಅನ್ನುವುದೇ ಮಾತಾಗುತ್ತಿತ್ತು. ಏರಿಳಿತ ಇಲ್ಲ, ಸಿಟ್ಟು ಪ್ರೀತಿ ಎಲ್ಲಕ್ಕೂ ಒಂದೇ ರಾಗ. ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಗೆ ಮಾತು ಬಂದ ಹಾಗೆ. ಅದನ್ನು ಮನೆಗೆ ತಂದ ವಾರದಲ್ಲೇ, ಟೈಲರಮ್ಮ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾಗ, ಅವನು ಸದ್ದಿಲ್ಲದೆ ಹಿಂದೆ ಬಂದು ಅದನ್ನು ಗದ್ದಕ್ಕೆ ಹಿಡಿದು "ಬಾಬಿನ್" ಅಂದ. ಪಾಪ, ಖುಷಿಪಡಿಸಬೇಕು ಅಂತಿದ್ದ. ಅವಳು ಕಿಟಾರನೆ ಕಿರುಚಿದಳು. ಕೈಯಲ್ಲಿದ್ದ ತಟ್ಟೆ ಬಿದ್ದು ಚೂರಾಯಿತು. ತಿರುಗಿ ನೋಡಿ, ಗಂಡ ಅಂತ ಗೊತ್ತಾದ ಮೇಲೂ ಅವಳ ಮುಖದಲ್ಲಿ ಹೇಸಿಗೆಯೋ ಹೆದರಿಕೆಯೋ ಏನೋ ಒಂದು ಕ್ಷಣ ಉಳಿಯಿತು. ಅವನು ಅದನ್ನು ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು. ಯಂತ್ರ ಅಂದೇ ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಮೇಲೆ ಹೋಯಿತು. ಆ ವಿಷಯ ಇಬ್ಬರೂ ಎತ್ತಲಿಲ್ಲ.

ಆಮೇಲಿಂದ ಅವಳು ಫೋನು ಹಿಡಿದಳು. ಮಧ್ಯಾಹ್ನ ಅವನು ಒರಗಿದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಹಲಗೆಯ ಮೇಲೆ ಕೂತು, ಮಗಳು ಫೋನಿನ ಮೊದಲ ಪರದೆಯಲ್ಲೇ ಇಟ್ಟುಕೊಟ್ಟಿದ್ದ ಗುರುತು ಒತ್ತಿ, ಸಣ್ಣಗೆ ಹಚ್ಚಿ ಕೇಳುತ್ತಿದ್ದಳು. ತಿರುಗಿಸಿದ ಕೂಡ್ಲೆ ಬರೋಕೆ ಇದೇನು ನಲ್ಲೀನಾ. ಒಬ್ಬಳೇ ನಗುತ್ತಿದ್ದಳು. ಉತ್ತರ ಕೊಡುವುದೂ ಶುರುವಾಯಿತು. ಬಾಯಿ ಜಾಸ್ತಿ ಅಂತೀರಲ್ಲ, ನಿಮ್ಮದೇನು ಕಮ್ಮೀನಾ, ಅಂತ. ಅಮ್ಮಾ, ಅದನ್ನ ನನಗೊಂದು ಕಳಿಸಿಡು, ಫೋನಿಗೆ ಏನಾದರೂ ಆದರೆ ಕಷ್ಟ, ಅಂತ ಮಗಳು ಎಷ್ಟು ಸಲ ಹೇಳಿದಳೋ. ನಾಳೆ ನಾಳೆ ಅಂದಳೇ ಹೊರತು ಕಳಿಸಲಿಲ್ಲ. ಗೊತ್ತಿಲ್ಲದೆ ಅಲ್ಲ. ಆ ಮಾತು ತನ್ನೊಬ್ಬಳಿಗೇ ಆಡಿದ್ದು, ಕಳಿಸಿದರೆ ಹಂಚಿಕೊಂಡ ಹಾಗಾಗುತ್ತದೆ ಅನ್ನುವ ಒಂದು ಸಣ್ಣ ಜಿಪುಣತನ. ಗೋಡೆಯಾಚೆ ಮಲಗಿದವನು ನಿದ್ದೆ ಮಾಡುತ್ತಿದ್ದಾನೋ ಇಲ್ಲವೋ ಅಂತ ಅವಳು ಯಾವತ್ತೂ ಇಣುಕಿ ನೋಡಲಿಲ್ಲ.

ಅದಾದ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಯೂನಿಫಾರ್ಮಿನ ಗಂಟು ಶಾಲೆಗೆ ಕೊಟ್ಟು ಬರಲು ಹೋದವಳು, ಫೋನು ಮನೆಯಲ್ಲೇ ಬಿಟ್ಟಿದ್ದಳು. ತಿರುಗಿ ಬಂದು ನೋಡಿದರೆ ಗಂಡ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾನೆ. ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಫೋನು ಬೋರಲು ಬಿದ್ದಿದೆ. ಎತ್ತಿ ನೋಡಿದಳು. ಗಾಜು ಜೇಡರಬಲೆಯ ಹಾಗೆ ಸೀಳಿತ್ತು. ಗುಂಡಿ ಒತ್ತಿದಳು, ಒತ್ತಿಹಿಡಿದಳು, ಒಳಗೆ ಓಡಿ ಚಾರ್ಜಿಗೆ ಹಾಕಿದಳು. ಕಪ್ಪು ಕಪ್ಪೇ. ಒಂದು ಚುಕ್ಕೆ ಬೆಳಕಿಲ್ಲ. ಅವನು ಹಿಂದೆಯೇ ಬಂದು, ಕೈಜಾರಿತು ಅಂತ ಸನ್ನೆ ಮಾಡಿ ತೋರಿಸಿದ.

ಟೈಲರಮ್ಮನಿಗೆ ತಲೆಗೆ ರಕ್ತ ಏರಿತು. "ಜಾರಿದ್ದಲ್ಲ. ನೀವೇ ಎಸೆದಿರಿ," ಅಂದಳು. "ನನಗೆ ಗೊತ್ತಿಲ್ವಾ? ನಾನು ಅದನ್ನ ಕೇಳಿದರೆ ನಿಮಗೆ ಹೊಟ್ಟೆ ಉರಿ. ಈ ಮನೇಲಿ ನನ್ನ ಜೊತೆ ಮಾತಾಡೋರು ಅಂತ ಇದ್ದಿದ್ದು ಅದೊಂದೇ. ಅದನ್ನೂ ಇರಗೊಡಲಿಲ್ಲ ನೀವು."

ಅವನು ಎರಡೂ ಕೈ ಆಡಿಸಿದ. ತುಟಿ ಆಡಿಸಿದ. ಬೀರುವಿನ ಕಡೆ ಬೆರಳು ತೋರಿಸಿದ. ಸ್ಲೇಟು ಎಲ್ಲಿ ಅಂತ ಹುಡುಕಿದ. ಅವಳು ಮುಖ ತಿರುಗಿಸಿಕೊಂಡು ಹೋಗಿ ಮೆಷಿನ್ನಿನ ಮುಂದೆ ಕೂತು ಕಾಲಲ್ಲಿ ಜೋರಾಗಿ ತುಳಿಯತೊಡಗಿದಳು. ದನಿ ಇಲ್ಲದವನ ಬಾಯಿ ಮುಚ್ಚಿಸಲು ಏನೂ ಮಾಡಬೇಕಿಲ್ಲ, ಅವನ ಕಡೆ ನೋಡದಿದ್ದರೆ ಆಯಿತು. ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ನೆರಳು ಸರಿಯಿತು.

ಮಾರನೇ ದಿನವೇ ಫೋನನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ರಿಪೇರಿ ಅಂಗಡಿಗೆ ಹೋದಳು. ಬಸ್ ನಿಲ್ದಾಣದ ಹಿಂದೆ, ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲು ಹಚ್ಚಿದ ಹಾಗಿದ್ದ ಅಂಗಡಿ ಅದು. ಒಳಗಿದ್ದವನು ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡಿರುತ್ತಿದ್ದುದರಿಂದ ಅವನಿಗೆ ಮುಕ್ಕಣ್ಣ ಅಂತ ಹೆಸರು ಬಿದ್ದಿತ್ತು. ವಾಚಾಳಿ. ಫೋನು ಕೈಗೆ ಕೊಟ್ಟ ಕೂಡಲೇ ಅಂಗೈಯಲ್ಲಿ ತೂಗಿ ನೋಡಿ, ಕಲ್ಲಿನ ಮೇಲೆ ಬಿತ್ತಾ ಅಮ್ಮಾ, ಅಂದ. ಹಿಂಬದಿಗೆ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ತೆಳ್ಳನೆಯ ಬಿಲ್ಲೆಯಿಂದ ಮುಚ್ಚಳ ಎಬ್ಬಿಸಿದ. ಬಿದ್ದ ಏಟಿಗೆ ಬ್ಯಾಟರಿಯ ಕನೆಕ್ಟರ್ ಕಳಚಿರುತ್ತದೆ, ಹತ್ತರಲ್ಲಿ ಎಂಟು ಹೀಗೇ ಅಂತ ಹೇಳುತ್ತಾ ಅದನ್ನು ಒತ್ತಿ ಕೂರಿಸಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಬೇರೆ ಬ್ಯಾಟರಿ ಹಾಕಿ ನೋಡಿದ. ಬೇರೆ ಡಿಸ್‌ಪ್ಲೇ ತಗುಲಿಸಿ ನೋಡಿದ. ಮೀಟರಿನ ಎರಡು ಮೊನೆಗಳನ್ನು ಬೋರ್ಡಿನ ಮೇಲೆ ಅಲ್ಲಲ್ಲಿ ಚುಚ್ಚಿದ. ಹೋಗ್ತಾ ಹೋಗ್ತಾ ಅವನ ಮಾತು ಕಡಿಮೆಯಾಯಿತು.

"ಬೋರ್ಡಿನಲ್ಲೇ ಏಟು ಬಿದ್ದಿದೆ ಅಮ್ಮಾ," ಅಂದ ಕೊನೆಗೆ. "ಕರೆಂಟು ಹಂಚೋ ಐಸಿ ಅಂತ ಒಂದಿರತ್ತೆ, ಅದರ ಬೆಸುಗೆ ಬಿಟ್ಟುಕೊಂಡಿದೆ. ತೆಗೆದು ಮತ್ತೆ ಕೂರಿಸಬೇಕು. ಬಂದರೂ ಬಂತು, ಇಲ್ಲ ಅಂದರೂ ಇಲ್ಲ. ಇಷ್ಟು ಹಳೇ ಫೋನಿಗೆ ಇಷ್ಟೆಲ್ಲ ಯಾಕೆ, ಹೊಸದು ತಗೊಂಡುಬಿಡಿ."

ಫೋನು ಬೇಡ ಕಣಪ್ಪ, ಒಳಗಿರೋದು ಬೇಕು, ಅಂದಳು. ಫೋಟೋನಾ ಅಂತ ಕೇಳಿದ. ಅಲ್ಲ, ಮಾತು, ಅಂದಳು. ಯಾರದು ಅಂತ ಅವನು ಕೇಳಲಿಲ್ಲ. ಹಾಗೆ ಕೇಳದಿರುವುದನ್ನು ಆ ಕೆಲಸವೇ ಕಲಿಸಿರಬೇಕು. ಭಾಗ ಒಂದು ತರಿಸಬೇಕು, ಸ್ವಲ್ಪ ದಿನ ಹಿಡಿಯುತ್ತದೆ, ಆದಾಗ ಮಗಳ ನಂಬರಿಗೆ ಹೇಳುತ್ತೇನೆ ಅಂದ.

ಆ ದಿನಗಳು ಹೇಗೆ ಕಳೆದವು ಅಂದರೆ, ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಇದ್ದ ಹಾಗೆ. ಅವಳು ಅಡುಗೆ ಮಾಡಿ ಬಡಿಸಿಟ್ಟು ಎದ್ದುಹೋಗುತ್ತಿದ್ದಳು. ಅವನು ತಿಂದು ತಟ್ಟೆ ತೊಳೆದಿಡುತ್ತಿದ್ದ. ಒಮ್ಮೆ ಅವನು ಬಂದು ಮೆಷಿನ್ನಿನ ಪಕ್ಕ ಕೂತು ಅವಳ ಮುಖ ನೋಡುತ್ತಾ ಕಾದ. ದಾರ ಪೋಣಿಸುವ ನೆಪದಲ್ಲಿ ಅವಳು ತಲೆ ಎತ್ತಲಿಲ್ಲ. ತಪಾಸಣೆಗೆ ಆಸ್ಪತ್ರೆಗೆ ಹೋಗುವ ದಿನ ಬಂತು. ಯಾವಾಗಲೂ ಇವಳೇ ಜೊತೆಗೆ ಹೋಗುವವಳು. ಈ ಸಲ ಹೊಲಿಗೆ ತುಂಬಾ ಇದೆ ಅಂತ ಮಗಳನ್ನು ಕಳಿಸಿದಳು. ಅವನು ಹೊರಡುವಾಗ ಬೀರುವಿನ ಮೇಲಿಂದ ಏನೋ ಇಳಿಸಿ ಚೀಲಕ್ಕೆ ಹಾಕಿಕೊಂಡಿದ್ದು ಕಣ್ಣಂಚಿಗೆ ಬಿತ್ತು. ಏನು ಅಂತ ಕೇಳಲಿಲ್ಲ. ಕೇಳಿದರೆ ತಾನೇ ಮೊದಲು ಸೋತ ಹಾಗೆ.

ಮುಕ್ಕಣ್ಣ ಹೇಳಿಕಳಿಸಿದ್ದು ಅದರ ಮಾರನೇ ದಿನ. ಟೈಲರಮ್ಮ ಕತ್ತರಿಸುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಓಡಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಫೋನು ಬೆನ್ನು ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು. ಸೀಳಿದ ಗಾಜಿನ ಹಿಂದೆ ಬೆಳಕಿತ್ತು. ಅವಳು ಸ್ಟೂಲು ಎಳೆದುಕೊಂಡು ಅದರ ಹತ್ತಿರ ಕೂತಳು.

ಎದ್ದು ಕೂತಿದೆ, ಆದರೆ ನಂಬಬೇಡಿ, ಎಷ್ಟು ದಿನ ಬರುತ್ತದೋ ಗೊತ್ತಿಲ್ಲ, ಇರುವುದನ್ನೆಲ್ಲ ಈಗಲೇ ಬೇರೆ ಕಡೆ ಇಳಿಸಿಕೊಡುತ್ತೇನೆ ಅಂತ ಮುಕ್ಕಣ್ಣ ಹೇಳಿದ. ಆಮೇಲೆ ಮುಖ ಸ್ವಲ್ಪ ಸಣ್ಣ ಮಾಡಿಕೊಂಡು, "ಒಂದೇ ಒಂದು ಬೇಜಾರು ಅಂದರೆ ಸ್ಪೀಕರ್ ಕೈಕೊಟ್ಟಿದೆ. ಕೇಳಿ ನೋಡಿ," ಅಂತ ರೆಕಾರ್ಡಿಂಗುಗಳಿದ್ದ ಜಾಗ ತೆರೆದು ಎಲ್ಲಕ್ಕಿಂತ ಮೇಲಿದ್ದದ್ದನ್ನು ಒತ್ತಿದ.

ಗುಂಯ್ ಅಂತ ಒಂದು ಸದ್ದು ಬಂತು. ಅದು ತುಂಡು ತುಂಡಾಗಿ ಒಡೆಯಿತು, ಮತ್ತೆ ಸೇರಿತು. ಕಬ್ಬಿಣದ ತಗಡು ಉಜ್ಜಿದ ಹಾಗೆ.

"ನೋಡಿದ್ರಾ? ಬರೀ ಗೊರಗೊರ," ಅಂದ ಮುಕ್ಕಣ್ಣ. ಇನ್ನೊಂದು ಒತ್ತಿದ. ಅದೂ ಹಾಗೇ. ಕೆಳಗೆ ಸರಿಸಿ ಸರಿಸಿ ಕಟ್ಟಕಡೆಯದನ್ನು ಒತ್ತಿದ. ಏನು ಮಾತಾಡೋದೇ ಬಾಬಿನ್, ಅಂತ ಗಂಟೆಯಣ್ಣನ ತುಂಬು ದನಿ ಆ ಇಕ್ಕಟ್ಟಿನ ಅಂಗಡಿಯ ಗೋಡೆಗೆಲ್ಲ ಬಡಿಯಿತು. ಹೊರಗೆ ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು. ಮುಕ್ಕಣ್ಣ ಹುಬ್ಬು ಗಂಟಿಕ್ಕಿ, ಇದು ಸರಿಯಾಗೇ ಕೇಳುತ್ತಿದೆಯಲ್ಲ, ಹಾಗಾದರೆ ಮೇಲಿನವು ಯಾಕೆ ಕೆಟ್ಟವು, ಅಂತ ತನ್ನಷ್ಟಕ್ಕೆ ಗೊಣಗಿದ.

ತಿಂಗಳುಗಟ್ಟಲೆ ದಿನಾ ಕೇಳಿದ ಆ ಮಾತಿಗೆ ಟೈಲರಮ್ಮ ಕಿವಿಗೊಡಲಿಲ್ಲ. ಅವಳ ಕಣ್ಣು ಮೇಲಿನ ಸಾಲುಗಳ ಮೇಲಿತ್ತು. ಗುರುತು ಒತ್ತಿ ಕೇಳುತ್ತಿದ್ದವಳು ಈ ಪಟ್ಟಿಯನ್ನು ತೆರೆದು ನೋಡಿದ್ದೇ ಇಲ್ಲ, ಅವಳಿಗೆ ಗೊತ್ತಿದ್ದಂತೆ ಆ ಜಾಗದಲ್ಲಿ ಇದ್ದದ್ದು ಒಂದೇ ಒಂದು. ಈಗ ಪರದೆ ತುಂಬಾ ಇವೆ. ಬೆವರಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ತಾನೇ ಒಂದನ್ನು ಒತ್ತಿದಳು, ಕಿವಿಯನ್ನು ಮೇಜಿಗೆ ತಾಗಿಸುವಷ್ಟು ಬಗ್ಗಿದಳು.

ಬಾ. ಬಿನ್. ಬಾ. ಬಿನ್.

"ಸ್ಪೀಕರ್ ಹಾಳಾಗಿಲ್ಲ ಕಣಪ್ಪ," ಅಂದಳು. ದನಿ ಅವಳದೇ ಅನ್ನಿಸಲಿಲ್ಲ. "ಅದು ನಮ್ಮ ಯಜಮಾನರು."

ಮುಕ್ಕಣ್ಣ ಎದ್ದು ಅಂಗಡಿಯ ಹೊರಗೆ ಹೋಗಿ, ಯಾರೂ ಒಳಗೆ ಬಾರದ ಹಾಗೆ ಬಾಗಿಲಿಗೆ ಅಡ್ಡ ನಿಂತುಕೊಂಡ.

ಅವಳು ಹಳೆಯದರಿಂದ ಶುರುಮಾಡಿ ಒಂದೊಂದಾಗಿ ಕೇಳಿದಳು. ಮೊದಲಿನವುಗಳಲ್ಲಿ ಬರೀ ಗುಂಯ್ ಗುಂಯ್, ನಡುವೆ ಕುತ್ತಿಗೆಯ ತೂತಿನಿಂದ ಉಸಿರು ಸುಂಯ್ ಅನ್ನುವುದು. ಆಮೇಲೆ ಅವಳ ಹೆಸರು. ಬೇರೆ ಏನೂ ಇಲ್ಲ, ಬಾಬಿನ್ ಅನ್ನುವುದೊಂದನ್ನೇ ಮಗು ಅಕ್ಷರ ತಿದ್ದಿದ ಹಾಗೆ ಮತ್ತೆ ಮತ್ತೆ. ಅವಳು ಶಾಲೆಗೆ, ಅಂಗಡಿಗೆ, ಮಗಳ ಮನೆಗೆ ಅಂತ ಫೋನು ಬಿಟ್ಟು ಹೋದಾಗಲೆಲ್ಲ ಅವನು ಹಿತ್ತಲ ಬಾಗಿಲಲ್ಲಿ ಕೂತು ಕಲಿತಿದ್ದಾನೆ. ಒಂದು ಕೈಯಲ್ಲಿ ಯಂತ್ರ, ಒಂದು ಕೈಯಲ್ಲಿ ಫೋನು. ಹೇಗೆ ಕೇಳಿಸುತ್ತದೆ ಅಂತ ತಾನೇ ಕೇಳಿ ತಿದ್ದಿಕೊಳ್ಳಬೇಕಲ್ಲ. ಕೈ ಜಾರಿದ್ದು ಹಾಗೆ.

ಇನ್ನೊಂದರಲ್ಲಿ ಮಾತು ಸ್ವಲ್ಪ ಉದ್ದವಾಗಿತ್ತು. ಒಂದೊಂದೇ ಪದ, ನಡುವೆ ಉಸಿರು.

"ಬಾಬಿನ್. ಹೆದರ್ಬೇಡ. ನಾನೇ."

ಅದನ್ನು ಕೇಳಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲಕ್ಕಿಂತ ಮೇಲಿನದು ಫೋನು ಬಿದ್ದ ದಿನದ್ದು. ಮುಕ್ಕಣ್ಣ ಮೊದಲು ಒತ್ತಿದ್ದು, ಇವಳಿಗೆ ತಗಡು ಉಜ್ಜಿದ ಹಾಗೆ ಕೇಳಿಸಿದ್ದು ಅದೇ. ಈಗ ಕಿವಿ ಪಳಗಿತ್ತು, ಪ್ರತಿ ಪದವೂ ತಿಳಿಯಿತು.

"ಇವತ್ತು. ಚೆನ್ನಾಗಿ. ಬಂತು. ಸಂಜೆ. ಅವಳ. ಎದುರಿಗೇ. ಹೇಳ್ತೀನಿ."

ಆ ದಿನ ಅವಳು ಏನು ಹೇಳಿದ್ದಳು ಅನ್ನುವುದು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು.

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಅವನು ಮುಂದಿನ ಕೋಣೆಯಲ್ಲಿ, ಅವಳು ಅರ್ಧಕ್ಕೆ ಬಿಟ್ಟುಹೋಗಿದ್ದ ಬಟ್ಟೆ ಗಾಳಿಗೆ ಹಾರದ ಹಾಗೆ ಮೇಲೆ ಕತ್ತರಿ ಇಟ್ಟು, ಪಕ್ಕದಲ್ಲಿ ಕೂತಿದ್ದ. ಅವಳು ಎದುರು ಹೋಗಿ ನೆಲದ ಮೇಲೆ ಕೂತಳು.

"ಕೇಳಿದೆ," ಅಂದಳು. "ಎಲ್ಲಾನೂ ಕೇಳಿದೆ ರೀ."

ಅವನ ಮುಖ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗಾಯಿತು. ಆಮೇಲೆ ಒಂದು ಸಣ್ಣ ನಗೆ ಬಂದು, ಬಂದ ಹಾಗೇ ಹೋಯಿತು.

"ಇನ್ನೊಂದು ಸಲ ಕರೀರಿ. ನಾನು ಹೆದರೋದಿಲ್ಲ. ನನ್ನಾಣೆ. ಅದನ್ನ ತಗೊಂಡು ಬನ್ನಿ, ಕರೀರಿ."

ಅವನು ಅಲ್ಲಾಡಲಿಲ್ಲ. ಅವಳೇ ಎದ್ದು, ಕುರ್ಚಿ ಹಾಕಿಕೊಂಡು, ಬೀರುವಿನ ಮೇಲೆ ಕೈಯಾಡಿಸಿದಳು. ಟವೆಲ್ಲು ಮಡಿಸಿಟ್ಟಿತ್ತು. ಒಳಗೆ ಏನೂ ಇರಲಿಲ್ಲ. ತಿರುಗಿ ನೋಡಿದಳು. ಅವನು ಎರಡೂ ಅಂಗೈ ಮುಂದೆ ಚಾಚಿ, ಯಾರಿಗೋ ಏನೋ ಎತ್ತಿ ಕೊಟ್ಟ ಹಾಗೆ ಮಾಡಿ ತೋರಿಸಿದ.

ಮಗಳನ್ನು ಕೇಳಿದಾಗ ವಿಷಯ ತಿಳಿಯಿತು. ತಪಾಸಣೆಯ ದಿನ ಅಪ್ಪ ಯಂತ್ರವನ್ನು ನರ್ಸಿನ ಕೈಗೆ ವಾಪಸು ಕೊಟ್ಟನಂತೆ. ಇಟ್ಟುಕೊಳ್ಳಿ, ಅಭ್ಯಾಸ ಆಗುತ್ತೆ ಅಂತ ಅವರು ಎಷ್ಟೋ ಹೇಳಿದರಂತೆ. ಮನೆಯಲ್ಲಿ ಯಾರಿಗೂ ಬೇಕಾಗಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ತೋರಿಸಿದನಂತೆ. ನಾನು ನಿನಗೆ ಗೊತ್ತಿದ್ದೇ ಕೊಡ್ತಿದಾರೆ ಅಂದ್ಕೊಂಡೆ ಅಮ್ಮಾ, ಅಂದಳು ಮಗಳು. ಅವಳದೇನು ತಪ್ಪು.

ಮಾರನೇ ಬೆಳಗ್ಗೆ ಟೈಲರಮ್ಮ ಆಸ್ಪತ್ರೆಗೆ ಹೋದಳು. ಕೈಕಾಲು ಹಿಡಿದಾದರೂ ಅದನ್ನು ವಾಪಸು ತರುವುದು ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ನರ್ಸು ಪರಿಚಯದವಳೇ. ಅಯ್ಯೋ ಅಮ್ಮಾ, ಅದನ್ನ ಅವತ್ತೇ ಇನ್ನೊಬ್ಬರಿಗೆ ಕೊಟ್ಟಾಯಿತು, ಅಲ್ಲೇ ಇದಾರೆ ನೋಡಿ, ಅಂತ ವರಾಂಡದ ಕಡೆ ತೋರಿಸಿದಳು.

ವರಾಂಡದ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ಇನ್ನೂ ತಲೆಗೂದಲು ಕಪ್ಪಗಿರುವ ವಯಸ್ಸು. ಕುತ್ತಿಗೆಗೆ ಪಟ್ಟಿ. ಎದುರಿಗೆ ಅವನ ಮೊಣಕಾಲಿಗೆ ಒರಗಿಕೊಂಡು ಒಂದು ಪುಟ್ಟ ಹುಡುಗಿ ನಿಂತಿತ್ತು. ಅವನು ಗದ್ದಕ್ಕೆ ಯಂತ್ರ ಒತ್ತಿ ಏನೋ ಹೇಳಿದ. ಗುಂಯ್ ಅಂತು. ಮಗು ಕಿಲಕಿಲ ನಕ್ಕಿತು. ಇನ್ನೊಂದ್ ಸಲ ಅಪ್ಪಾ, ಇನ್ನೊಂದ್ ಸಲ, ಅಂತ ಅವನ ಗದ್ದಕ್ಕೆ ತಾನೇ ಕೈ ಹಚ್ಚಿ ಆ ನಡುಕವನ್ನು ಮುಟ್ಟಿ ಮುಟ್ಟಿ ನೋಡಿತು. ಟೈಲರಮ್ಮ ಕಂಬದ ಪಕ್ಕ ನಿಂತು ನೋಡಿದಳು. ಅಷ್ಟು ಸಣ್ಣ ಮಗುವಿಗೆ ಹೆದರಿಕೆಯಾಗಲಿಲ್ಲ. ತನಗೆ ಆಯಿತು. ಬೆಂಚಿನ ಕಡೆ ಹೋಗದೆ ತಿರುಗಿ ನರ್ಸಿನ ಹತ್ತಿರ ಹೋಗಿ, ಇನ್ನೊಂದು ಬಂದಾಗ ನಮಗೆ ಹೇಳಿ, ಅಂತ ಹೇಳಿ ಬಂದುಬಿಟ್ಟಳು.

ಇನ್ನೊಂದು ಬರುವುದು ತಡವಾಯಿತು. ಅಷ್ಟರೊಳಗೆ ಮನೆಯಲ್ಲಿ ಬೇರೆ ಒಂದು ಪಾಠ ಶುರುವಾಗಿತ್ತು. ಟೈಲರಮ್ಮ ಸಂಜೆ ಮೆಷಿನ್ನು ಮುಚ್ಚಿ, ದೀಪ ಅವನ ಮುಖದ ಮೇಲೆ ಬೀಳುವ ಹಾಗೆ ಇಟ್ಟು, ಎದುರು ಬದಿರು ಕೂರುತ್ತಿದ್ದಳು. ಅವನು ತುಟಿ ಆಡಿಸುವುದು, ಅವಳು ಹೇಳುವುದು. ತಪ್ಪಾದರೆ ಅವನು ತೊಡೆ ತಟ್ಟುತ್ತಿದ್ದ. ಬೆಂಡೆಕಾಯಿ ಅಂದಿದ್ದನ್ನು ಅವಳು ಹೆಂಡತಿ ಅಂತ ಓದಿದಾಗ ಅವನು ಭುಜ ಕುಲುಕಿಸಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮದುವೆಯಾದಾಗಿನಿಂದ ಅವನ ಮಾತಿಗೆ ಕಿವಿ ಕೊಟ್ಟವಳು ಹೀಗೆ ಮುಖ ಕೊಟ್ಟು ಕೂತಿರಲಿಲ್ಲ. ಫೋನು ಬಿದ್ದ ದಿನದ ಮಾತಿಗೆ ತಪ್ಪಾಯಿತು ಅಂತ ಅವಳು ಹೇಳಿದಳು, ಒಂದು ಸಲ ಅಲ್ಲ, ಹಲವು ಸಲ. ಪ್ರತಿ ಸಲವೂ ಅವನು ತಲೆಯಾಡಿಸಿದ. ಆದರೆ ಆ ಮಾತು ಅವನೊಳಗೆ ಎಲ್ಲೋ ಇನ್ನೂ ಕೂತಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ತುಟಿ ಓದಲು ಕಲಿತವರಿಗೆ ಮುಖವೂ ಓದಲು ಬಂದುಬಿಡುತ್ತದೆ.

ಯಂತ್ರ ಬಂತು ಅಂತ ಆಸ್ಪತ್ರೆಯಿಂದ ಹೇಳಿಕಳಿಸಿದಾಗ ಕಾಯಿಲೆಯೂ ಕುತ್ತಿಗೆಗೆ ವಾಪಸು ಬಂದಿತ್ತು. ಗದ್ದದ ಕೆಳಗೆಲ್ಲ ಕಲ್ಲಿನ ಹಾಗೆ ಗಟ್ಟಿ. ಅವನು ಮಂಚದಲ್ಲಿ ದಿಂಬಿಗೆ ಒರಗಿ ಕೂತ. ಯಂತ್ರ ಹಿಡಿಯಲು ಅವನ ಕೈಗೆ ತ್ರಾಣ ಇರಲಿಲ್ಲ. ಅವಳೇ ಹಿಡಿದಳು. ಇಲ್ಲಿ ಒತ್ತಿ ನೋಡಿದಳು, ಅಲ್ಲಿ ಒತ್ತಿ ನೋಡಿದಳು. ಕಲ್ಲಾದ ಚರ್ಮದೊಳಗೆ ಸದ್ದು ಇಳಿಯಲಿಲ್ಲ. ಹೊರಗೇ ಗುಂಯ್ ಅನ್ನುತ್ತಿತ್ತೇ ಹೊರತು ಮಾತಾಗಲಿಲ್ಲ. ಕೇಳಿಸ್ತು ರೀ, ಚೆನ್ನಾಗಿ ಕೇಳಿಸ್ತು, ಅಂದಳು. ಅವನು ಮೆಲ್ಲಗೆ ಅವಳ ಕೈ ಸರಿಸಿ ಗುಂಡಿ ಆರಿಸಿದ. ಸುಳ್ಳು ಹೇಳಬೇಡ ಅಂದಿದ್ದನ್ನು ಅವಳು ಅವನ ತುಟಿಯಲ್ಲೇ ಓದಿದಳು.

ಅವನು ಹೋದದ್ದು ಒಂದು ಬೆಳಗ್ಗೆ, ಮಂಡಿಗೆ ಲಾರಿಗಳು ಬರುವ ಹೊತ್ತಿನಲ್ಲಿ. ಹಿಂದಿನ ದಿನ ಸಂಜೆ ಅವನು ಅವಳನ್ನು ಹತ್ತಿರ ಕರೆದು ಏನೋ ಹೇಳಿದ. ತುಟಿ ಒಣಗಿತ್ತು, ಅರ್ಧ ಮಾತ್ರ ಆಡುತ್ತಿತ್ತು. ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿ ಅಂದಳು. ಹೇಳಿದ. ಆಗಲೂ ತಿಳಿಯಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ದೀಪ ಹತ್ತಿರ ತಂದು, ಮತ್ತೊಮ್ಮೆ ಅಂದಳು. ಅವನು ಅವಳ ಮುಖವನ್ನೇ ನೋಡಿ, ಹೋಗಲಿ ಬಿಡು, ದೊಡ್ಡದೇನಲ್ಲ, ಅನ್ನುವ ಹಾಗೆ ಬೆರಳು ಆಡಿಸಿ ಕಣ್ಣು ಮುಚ್ಚಿದ.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಮಗಳು ಕೇಳಿದಳು, ಅಪ್ಪ ಕೊನೆಗೆ ಏನಂದರಮ್ಮಾ ಅಂತ. ಟೈಲರಮ್ಮ ಮೆಷಿನ್ನಿನ ಮೇಲಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಆಯ್ದು ಅಂಗೈಗೆ ಹಾಕಿಕೊಂಡಳು.

"ಊಟ ಮಾಡಿದ್ಯಾ ಅಂತ ಕೇಳಿರಬೇಕು," ಅಂದಳು. "ಅವತ್ತು ನಾನು ಮಾಡಿರಲಿಲ್ಲ."